ಎಲ್ಲಿಗೆ ಹೊಂಟೀಯವ್ವಾ?

ನಮ್ಮ ಬೈಲಹೊಂಗಲದ ಕಡೆ ಹೆಣ್ಣುಮಗಳೊಬ್ಬಳು ಹೊಸ್ತಿಲು ದಾಟಿದಳೆಂದರೆ, ಓಣಿಯ ತುದಿ ಮುಟ್ಟುವಷ್ಟರಲ್ಲಿ ಮೂರು ಮಂದಿಯಾದರೂ ಕೇಳುತ್ತಾರೆ: “ಎಲ್ಲಿಗೆ ಹೊಂಟೀಯವ್ವಾ?” ಕೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಅದು ನಮ್ಮ ಸೀಮೆಯ ಅಂತಃಕರಣದ ಮಾತು. ಆದರೆ ಅದಕ್ಕೊಂದು ಉತ್ತರ ಸಿದ್ಧವಿರಬೇಕು. ಸಂತೆಗೆ, ಗಿರಣಿಗೆ, ದವಾಖಾನೆಗೆ, ತವರಿಗೆ, ಎಲ್ಲಮ್ಮನ ಗುಡ್ಡಕ್ಕೆ. ಇವೆಲ್ಲ ನಡೆಯುವ ಉತ್ತರಗಳು. “ಎಲ್ಲಿಗೂ ಇಲ್ಲರಿ, ಸುಮ್ಮನ ಹೊಂಟೀನಿ” ಎಂದು ಒಮ್ಮೆ ಹೇಳಿ ನೋಡಿರಿ, ಕೇಳಿದವರ ಮುಖವೇ ಬದಲಾಗುತ್ತದೆ. ಇದೇ ಉತ್ತರವನ್ನು ನಮ್ಮ ಮನೆಯ ಗಂಡಸರು ದಿನಕ್ಕೆರಡು ಸಲ ಕೊಡುತ್ತಾರೆ. ಆಗ ಯಾರೂ ಹುಬ್ಬೇರಿಸುವುದಿಲ್ಲ.

ನನ್ನ ವಾದ ಇಷ್ಟೇ. ಹೆಣ್ಣಿಗೂ ಸುಮ್ಮನೆ ತಿರುಗುವ ಹಕ್ಕಿದೆ. ಆ ಹಕ್ಕು ಬರಿಯ ಬಾಯಿಮಾತಾಗಿ ಉಳಿಯದೆ ಕೈಗೆ ಸಿಗಬೇಕಾದರೆ ತುಳಿಯಲು ಒಂದು ಸೈಕಲ್ ಬೇಕು, ಮೋಟಾರು ಗಾಡಿಗಳಿಲ್ಲದ ಒಂದು ಹಾದಿ ಬೇಕು. ಅಂಥ ಹಾದಿಗೆ ತಕ್ಕ ಜಾಗ ನಮ್ಮ ಮಗ್ಗುಲಲ್ಲೇ ಇದೆ. ಅದು ಮಲಪ್ರಭೆಯ ಕಣಿವೆ.

ನಾನು ಸೈಕಲ್ ಕಲಿತದ್ದು ಏಳನೆಯ ಇಯತ್ತೆಯ ಸೂಟಿಯಲ್ಲಿ, ತಾಸಿನ ಬಾಡಿಗೆಗೆ ತಂದ ಗಂಡಸರ ಸೈಕಲ್ಲಿನ ಮೇಲೆ. ನಡುಕೋಲಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತ, ಮೊಣಕಾಲು ಕೆತ್ತಿಸಿಕೊಳ್ಳುತ್ತ ಕಲಿತೆ. ಮೆಟ್ರಿಕ್ ಮುಗಿದ ಮೇಲೆ ಅವ್ವ, “ದೊಡ್ಡಾಕಿ ಆದಿ, ಸಾಕಿನ್ನ” ಎಂದಳು. ಅಲ್ಲಿಗೆ ನಿಂತಿತು. ಮುಂದೆ ನನ್ನ ಮಗಳು ಎಂಟನೆಯ ಇಯತ್ತೆಗೆ ಬಂದಾಗ, 2006-07ರಲ್ಲಿ ಸರ್ಕಾರ ಶುರು ಮಾಡಿದ ಯೋಜನೆಯಲ್ಲಿ ಅವಳಿಗೂ ಒಂದು ಸೈಕಲ್ ಬಂತು. ಸಾಲೆಗೆ ಹೋಗುವ ಹುಡುಗಿಯರು ಸಾಲುಸಾಲಾಗಿ ಸೈಕಲ್ ಮೇಲೆ ಹೋಗುವುದನ್ನು ಕಂಡು ಕಾಲ ಬದಲಾಯಿತೆಂದು ಹಿಗ್ಗಿದೆ. ಹತ್ತನೆಯ ಇಯತ್ತೆ ಮುಗಿದ ಮೇಲೆ ಆ ಸೈಕಲ್ಲೂ ಹಿತ್ತಲ ಗೋಡೆಗೆ ಒರಗಿ ತುಕ್ಕು ಹಿಡಿಯಿತು. “ಇನ್ನ ಎಲ್ಲಿಗೆ ಹೋಗೂದೈತಿ?” ಎಂದವರು ಬೇರೆ ಯಾರೂ ಅಲ್ಲ, ನಾನೇ. ಅವ್ವನ ಮಾತನ್ನೇ ಬೇರೆ ಶಬ್ದಗಳಲ್ಲಿ ಆಡಿದ್ದೆ. ಆ ತಪ್ಪಿನ ಲೆಕ್ಕ ತೀರಿಸಲಿಕ್ಕಾದರೂ ಇದನ್ನು ಬರೆಯಬೇಕಾಗಿದೆ.

ಹೋದ ಮಾಗಿಯಲ್ಲಿ ಅದೇ ಸೈಕಲ್ಲಿಗೆ ಹೊಸ ಟೈರು, ಟ್ಯೂಬು ಹಾಕಿಸಿ, ಇಬ್ಬರು ಗೆಳತಿಯರ ಜೊತೆ ನವಿಲುತೀರ್ಥಕ್ಕೆ ಹೋದೆ. ಮೂರೂ ಸೈಕಲ್ಲುಗಳನ್ನು ಟಂಟಂ ಮೇಲೆ ಹೇರಿಕೊಂಡು ಹೋದೆವು, ಯಾಕೆಂದರೆ ದೊಡ್ಡ ರಸ್ತೆಯ ಮೇಲೆ ತುಳಿಯುವ ಧೈರ್ಯ ನಮಗಿರಲಿಲ್ಲ.

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲೂಕಿನ ಕನಕುಂಬಿಯ ಮಳೆಕಾಡಿನಲ್ಲಿ. ನಮ್ಮ ಸೀಮೆಗೆ ಬರುವಷ್ಟರಲ್ಲಿ ಅದು ಮಳೆಯ ನೆರಳಿನ ಒಣನೆಲಕ್ಕೆ ಇಳಿದಿರುತ್ತದೆ. ಸವದತ್ತಿ, ಮುನವಳ್ಳಿಗಳ ನಡುವೆ ಮರಳುಗಲ್ಲಿನ ಗುಡ್ಡ ಅಡ್ಡ ಬಂದರೂ ಹೊಳೆ ಸುತ್ತಿಹೋಗಲಿಲ್ಲ, ಗುಡ್ಡವನ್ನೇ ಸೀಳಿತು. ಆ ಸೀಳೇ ನವಿಲುತೀರ್ಥ. ಅದೆಷ್ಟು ಇಕ್ಕಟ್ಟೆಂದರೆ, 1970ರ ದಶಕದ ಆರಂಭದಲ್ಲಿ ಇಲ್ಲಿ ಅಣೆಕಟ್ಟು ಕಟ್ಟಿದಾಗ ಇಡೀ ಹೊಳೆಯನ್ನು ತಡೆಯಲು ಸುಮಾರು 155 ಮೀಟರ್ ಉದ್ದದ ಗೋಡೆ ಸಾಕಾಯಿತು. ಹಿಂದೆ ರೇಣುಕಾಸಾಗರ ಸಮುದ್ರದಂತೆ ಹರಡಿದೆ. ಮುಂದೆ ಕಲ್ಲು, ಕುರುಚಲು ಗಿಡ, ಜಾಲಿ, ಕತ್ತಾಳೆ. ಹೊಳೆ ಹಾಗೇ ಮುನವಳ್ಳಿಗಾಸಿ ತೊರಗಲ್ಲ ಕೋಟೆಯ ಕಡೆ, ರಾಮದುರ್ಗದ ಕಡೆ ಸಾಗುತ್ತದೆ.

ಬೆಳಗಿನ ಏಳು ಗಂಟೆ. ಕಾಲುವೆಯ ಪಕ್ಕದ ಹಾದಿಯಲ್ಲಿ ಒಂದು ತಾಸು ತುಳಿದಿರಬಹುದು. ಚೈನಿನ ಸಪ್ಪಳ, ಗಾಳಿಯ ಸಪ್ಪಳ, ದೂರದಲ್ಲೊಂದು ನವಿಲಿನ ಕೂಗು. ಇಷ್ಟರ ಹೊರತು ಏನೂ ಇಲ್ಲ. ಕುರಿ ಕಾಯುವ ಮುದುಕ “ಎಲ್ಲಿಗೆ ಹೊಂಟೀರವ್ವಾ?” ಎಂದ. “ಸುಮ್ಮನ, ಕಾಕಾ” ಎಂದೆ. “ಹಂಗಾರ ಹೋಗ್ರಿ” ಎಂದ. ನನ್ನ ಜನ್ಮದಲ್ಲಿ ಆ ಉತ್ತರವನ್ನು ಒಪ್ಪಿಕೊಂಡ ಮೊದಲ ಮನುಷ್ಯ ಅವನು.

ಸುಖ ಅಷ್ಟಕ್ಕೇ ಮುಗಿಯಿತು. ದೊಡ್ಡ ರಸ್ತೆಗೆ ಹೊರಳುವುದೇ ತಡ, ಎರಡು ಟ್ರೇಲರು ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು, ಎದೆ ನಡುಗುವಂತೆ ಹಾಡು ಹಚ್ಚಿಕೊಂಡು ಮೈಮೇಲೇ ಬಂತು. ಗೆಳತಿ ಸೈಕಲ್ ಸಮೇತ ಜಾಲಿಯ ಪೊದೆಯಲ್ಲಿ ಬಿದ್ದಳು. ಅಂಗೈ ತುಂಬ ಮುಳ್ಳು. ನಮ್ಮ ಹೆಂಗಸರು ಸೈಕಲ್ ಯಾಕೆ ತುಳಿಯುವುದಿಲ್ಲ ಎನ್ನುವವರಿಗೆ ಉತ್ತರ ಆ ಅಂಗೈಯಲ್ಲಿದೆ. ನಮಗೆ ಕಾಲಲ್ಲಿ ಕಸುವಿಲ್ಲದೇ ಇಲ್ಲ. ಹೊಲದಲ್ಲಿ ಕಸ ತೆಗೆಯುವ, ಸುರೇಬಾನ, ರಾಮದುರ್ಗಗಳ ನೇಕಾರರ ಮನೆಗಳಲ್ಲಿ ದಿನವಿಡೀ ದುಡಿಯುವ ಹೆಣ್ಣಿಗೆ ಹತ್ತು ಮೈಲು ಸೈಕಲ್ ಯಾವ ಲೆಕ್ಕ?

ಈ ವಿಚಾರವನ್ನು ಒಂದು ಅರ್ಜಿಯಲ್ಲಿ ಬರೆದು, ಏಳು ಮಂದಿ ಸಹಿ ಮಾಡಿ, ಒಬ್ಬ ಅಧಿಕಾರಿಗಳಿಗೆ ಕೊಟ್ಟೆವು. ಅವರು ಓದಿ ನಕ್ಕು, “ಅಕ್ಕಾರ, ಅಲ್ಲಿ ರಸ್ತಾ ಅಗಲ ಮಾಡಿ ಪಾರ್ಕಿಂಗ್ ಮಾಡಿಸೂಣು. ಕಾರ್ ತಗೊಂಡು ಬರ್ರಿ, ಆರಾಮ ನೋಡಿ ಹೋಗ್ರಿ” ಎಂದರು. ನಮ್ಮಲ್ಲಿ ಪ್ರವಾಸೋದ್ಯಮವೆಂದರೆ ಇದೇ. ಎಲ್ಲಿ ನಿಶ್ಶಬ್ದವಿದೆಯೋ ಅಲ್ಲಿಗೆ ಗದ್ದಲವನ್ನು ಒಯ್ಯಲು ರಸ್ತೆ ಮಾಡುವುದು. 2024ರಲ್ಲಿ ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ಕೇಂದ್ರ ಸರ್ಕಾರ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಬರುವ ಭಕ್ತರಿಗೆ ನೀರು, ನೆರಳು, ಶೌಚಾಲಯ ಆಗಲಿ, ನನ್ನ ತಕರಾರಿಲ್ಲ. ನಾನು ಕೇಳುವುದಕ್ಕೆ ಕೋಟಿ ಬೇಡ. ಹಾದಿಯ ಎರಡು ತುದಿಗೆ ಎರಡು ಸರಪಳಿ, ಎರಡು ಕೀಲಿ, ಇಬ್ಬರು ಕಾವಲುಗಾರರು, ಅವರಲ್ಲಿ ಒಬ್ಬಳು ಹೆಣ್ಣುಮಗಳು. ವಾರಕ್ಕೊಮ್ಮೆ, ಐತವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ.

ಇದು ಎಲ್ಲೂ ಕಾಣದ ಹುಚ್ಚೇನಲ್ಲ. ಅಮೆರಿಕದ ಯೂಟಾ ರಾಜ್ಯದಲ್ಲಿ ಜಯಾನ್ ಎಂಬ ಕೆಂಪುಕಲ್ಲಿನ ಮರುಭೂಮಿ ಕಣಿವೆಯಿದೆ. ಕಾರುಗಳ ಕಾಟ ತಾಳಲಾರದೆ ಅಲ್ಲಿ 2000ದಿಂದ ವರ್ಷದ ಬಹುಪಾಲು ಕಣಿವೆಯ ಒಳರಸ್ತೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ಜನ ಅಲ್ಲಿಯ ಬಸ್ಸಿನಲ್ಲಿ ಹೋಗುತ್ತಾರೆ, ಇಲ್ಲವೆ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಕೊಲಂಬಿಯದ ಬೊಗೊಟಾ ನಗರದಲ್ಲಿ 1974ರಿಂದ ಐತವಾರ ಮುಖ್ಯ ರಸ್ತೆಗಳನ್ನೇ ಮೋಟಾರಿಗೆ ಮುಚ್ಚಿ ಸೈಕಲ್ಲಿಗೆ ತೆರೆಯುತ್ತಾರೆ. ಪರದೇಶದ ಮಾತು ಬಿಡಿ ಎನ್ನುವಿರಾದರೆ, ತಮಿಳುನಾಡಿನ ಪುದುಕೋಟೆ ಜಿಲ್ಲೆಯನ್ನು ನೋಡಿರಿ. 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ ಅಲ್ಲಿ ಹಳ್ಳಿಯ ಹೆಂಗಸರಿಗೆ ಅಕ್ಷರದ ಜೊತೆಗೆ ಸೈಕಲ್ಲನ್ನೂ ಕಲಿಸಿದರು. ಸಾವಿರಾರು ಮಂದಿ ಕಲಿತರು. ಕಲ್ಲುಗಣಿಯ ಕೂಲಿಗಳೂ ಕಲಿತರು. “ಯಾರು ಬರ್ತಾರ?” ಎಂದು ಕೇಳುವವರಿಗೆ ಇದು ನನ್ನ ಉತ್ತರ.

ಬಿಸಿಲು? ಕಾರ್ತಿಕದಿಂದ ಮಾಘದವರೆಗೆ ಬೆಳಿಗ್ಗೆ ಬಿಸಿಲಿಲ್ಲ. ರೈತರಿಗೆ ತೊಂದರೆ? ಚಕ್ಕಡಿ ಬರಲಿ, ಕುರಿ ಬರಲಿ, ದವಾಖಾನೆಯ ಗಾಡಿಯೂ ಬರಲಿ. ತಡೆಯಬೇಕಾದದ್ದು ಮೋಜಿನ ಕಾರನ್ನು, ಕರ್ಕಶ ಮೋಟಾರ್‌ಸೈಕಲ್ಲನ್ನು. ಒಂಟಿ ಹೆಣ್ಣಿಗೆ ಭಯ? ಹಾದಿಯಲ್ಲಿ ನೂರು ಹೆಂಗಸರಿದ್ದರೆ ಯಾರೂ ಒಂಟಿಯಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸಿನ ಬಾಗಿಲು ನಮಗೆ ತೆರೆಯಿತು, ದೊಡ್ಡ ಉಪಕಾರವಾಯಿತು. ಆದರೆ ಬಸ್ಸು ತನಗೆ ಬೇಕಾದಲ್ಲಿ ನಿಲ್ಲುತ್ತದೆ, ಸೈಕಲ್ಲು ನಮಗೆ ಬೇಕಾದಲ್ಲಿ. ಬಸ್ಸೇರಿದರೂ ಕಂಡಕ್ಟರು ಕೇಳುವುದು ಅದನ್ನೇ ತಾನೆ: “ಎಲ್ಲಿಗ್ರಿ?” ಎಲ್ಲಮ್ಮನ ಹೆಸರು ಹೇಳಿದರೆ ನಮ್ಮ ಹೆಂಗಸರು ಹುಣ್ಣಿಮೆಯ ರಾತ್ರಿ ಬಯಲಲ್ಲಿ ಚಕ್ಕಡಿ ಬಿಚ್ಚಿ ಮಲಗಬಹುದು. ದೇವಿಯ ಹೆಸರಿಲ್ಲದೆ ಅದೇ ಬಯಲಿನ ಗಾಳಿ ಕುಡಿಯಲು ಯಾಕೆ ಅಪ್ಪಣೆಯಿಲ್ಲ?

ಒಂದು ಮಾತು ಹೇಳಿ ಮುಗಿಸುತ್ತೇನೆ. ಪ್ರತಿ ಅಕ್ಟೋಬರಿನಲ್ಲಿ ಕಿತ್ತೂರ ಉತ್ಸವ ಮಾಡುತ್ತೇವೆ. ಕುದುರೆಯೇರಿದ ಚೆನ್ನಮ್ಮನಿಗೆ ಮಾಲೆ ಹಾಕುತ್ತೇವೆ. ಸಾಲೆಯ ಗ್ಯಾದರಿಂಗಿನಲ್ಲಿ ಹುಡುಗಿಗೆ ಅವಳ ವೇಷ ಕಟ್ಟಿ ಕೈಗೆ ರಟ್ಟಿನ ಖಡ್ಗ ಕೊಡುತ್ತೇವೆ. ಹೆಂಗಸರ ಪಡೆ ಕಟ್ಟಿದ ಬೆಳವಡಿ ಮಲ್ಲಮ್ಮನ ಕತೆ ಹೇಳುತ್ತೇವೆ. ಅದೇ ಹುಡುಗಿ ಮರುದಿನ ಸೈಕಲ್ ಏರಿ ಊರ ಹೊರಗೆ ಹೊರಟರೆ ಅಡ್ಡ ನಿಲ್ಲುತ್ತೇವೆ. 1824ರಲ್ಲಿ ಇಂಗ್ಲಿಷರನ್ನು ಸೋಲಿಸಿದ ರಾಣಿ ಸೆರೆಯಲ್ಲಿದ್ದು 1829ರಲ್ಲಿ ಕಣ್ಣು ಮುಚ್ಚಿದ್ದು ನಮ್ಮ ಬೈಲಹೊಂಗಲದಲ್ಲೇ. ಕುದುರೆಯೇರಿದವಳನ್ನು ನಾಲ್ಕು ಗೋಡೆಯೊಳಗೆ ಕೂಡಿಹಾಕಿದವರು ಪರದೇಶದವರು. ನಮ್ಮ ಹೆಣ್ಣುಮಕ್ಕಳನ್ನು ಕೂಡಿಹಾಕುತ್ತಿರುವವರು ಯಾರು?

ಓದುವ ತಾಯಂದಿರೆ, ಅಕ್ಕಂದಿರೆ, ನಿಮ್ಮ ಹಿತ್ತಲಲ್ಲೂ ತುಕ್ಕು ಹಿಡಿದ ಒಂದು ಸೈಕಲ್ ಇದ್ದೀತು. ಅದನ್ನು ಒರೆಸಿ, ಗಾಳಿ ತುಂಬಿಸಿರಿ. ಅರ್ಜಿ ಬರೆಯಿರಿ. ಏಳು ಸಹಿಗೆ ನಕ್ಕವರು ಏಳುನೂರಕ್ಕೆ ನಗಲಾರರು. ಮತ್ತು ಮನೆಯ ಹುಡುಗಿ ಹೊರಟು ನಿಂತಾಗ “ಎಲ್ಲಿಗೆ?” ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬಂದರೆ ಒಂದು ಸಲ ನುಂಗಿಕೊಳ್ಳಿರಿ. ನಾನಂತೂ ನುಂಗಿಕೊಳ್ಳುವುದನ್ನು ಈಗ ಕಲಿಯುತ್ತಿದ್ದೇನೆ.