ವಾಹನದ ತಂತಿ, ಇಲಿಯ ಹಲ್ಲು, ವಿಮೆಯ ಷರತ್ತು

ಗಣಪತಿಗೆ ಇಲಿ ವಾಹನವಾದದ್ದು ಪುರಾಣದ ಮಾತು. ಇಂದು ಇಲಿಗೇ ವಾಹನ ಒದಗಿದೆ. ಸೇಲಂ, ಧರ್ಮಪುರಿ ಜಿಲ್ಲೆಗಳ ಬೀದಿಗಳಲ್ಲಿ ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಶಾಲೆಯ ಹೊತ್ತಿಗೆ ಚಾಲೂ ಆಗದಿರುವುದು, ಮೆಕ್ಯಾನಿಕ್ ಬಂದು ಬಾನೆಟ್ ಎತ್ತಿದಾಗ ಕಡಿದ ತಂತಿಗಳ ನಡುವೆ ಕಡಲೆಕಾಯಿಯ ಸಿಪ್ಪೆ ಕಾಣಿಸುವುದು ಈಗ ಅಪರೂಪವೇನಲ್ಲ. ಸಾಲ ಮಾಡಿ ಕೊಂಡ ಕಾರು ಒಂದು ವಾರ ನಿಂತರೆ ಮಕ್ಕಳ ಶಾಲೆ, ಹಿರಿಯರ ಆಸ್ಪತ್ರೆ, ಸರಕಿನ ಸಾಗಾಟ ಎಲ್ಲವೂ ಅಸ್ತವ್ಯಸ್ತವಾಗುತ್ತವೆ. ಆದುದರಿಂದ ಇಲಿಯ ಸ್ವಭಾವವನ್ನೂ ವಿಮೆಯ ಷರತ್ತನ್ನೂ ನಷ್ಟಕ್ಕೆ ಮೊದಲೇ ತಿಳಿದಿರುವುದು ಲೇಸು.

ಇಲಿ ಹಸಿವಿನಿಂದಲೇ ತಂತಿ ಕಡಿಯುತ್ತದೆ ಎನ್ನುವಂತಿಲ್ಲ. ಇಲಿ, ಹೆಗ್ಗಣ, ಅಳಿಲು ಇವೆಲ್ಲ ದಂಶಕ ವರ್ಗದ ಪ್ರಾಣಿಗಳು. ಇವುಗಳ ಬಾಚಿಹಲ್ಲು ಆಯುಷ್ಯವಿಡೀ ಬೆಳೆಯುತ್ತದೆ. ದೊಡ್ಡ ಇಲಿಯ ಹಲ್ಲು ಸವೆಯದೆ ಉಳಿದರೆ ವರ್ಷಕ್ಕೆ ಹತ್ತು ಸೆಂಟಿಮೀಟರಿಗೂ ಮೀರಿ ಬೆಳೆದೀತು. ಹಲ್ಲನ್ನು ಮಟ್ಟದಲ್ಲಿಡಲು ಅದು ಏನನ್ನಾದರೂ ಕಡಿಯುತ್ತಲೇ ಇರಬೇಕು. ಆಧುನಿಕ ಕಾರಿನೊಳಗಿನ ತಂತಿಗಳನ್ನು ಬಿಡಿಸಿ ಸಾಲಾಗಿ ಜೋಡಿಸಿದರೆ ಒಂದು ಕಿಲೋಮೀಟರನ್ನೂ ಮೀರುತ್ತದೆ. ಓಡಿ ಬಂದ ಎಂಜಿನ್ನಿನ ಬಿಸುಪು, ಕತ್ತಲೆ, ಬೆಕ್ಕು ನುಗ್ಗಲಾಗದ ಸಂದು ಇವೆಲ್ಲ ಒಂದೇ ಕಡೆ ಸಿಕ್ಕಮೇಲೆ ಇಲಿ ಅಲ್ಲಿ ಗೂಡು ಕಟ್ಟದೆ ಬಿಡುವುದಿಲ್ಲ. ತಂತಿಯ ಹೊದಿಕೆಯಲ್ಲಿ ಸೋಯಾ ಸೇರಿಸಿದ್ದರಿಂದಲೇ ಇಲಿಗಳು ಆಕರ್ಷಿತವಾಗುತ್ತವೆ ಎಂಬ ಆರೋಪದ ಮೇಲೆ 2016ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾರು ತಯಾರಕರ ವಿರುದ್ಧ ದಾವೆ ಹೂಡಲಾಯಿತು. ತಯಾರಕರು ಆರೋಪವನ್ನು ಒಪ್ಪಲಿಲ್ಲ. ಸೋಯಾ ಬರುವ ಮುನ್ನವೂ ಇಲಿ ತಂತಿ ಕಡಿಯುತ್ತಿತ್ತು ಎಂಬುದನ್ನು ಮರೆಯಬಾರದು.

ಸೇಲಂನ ಕನ್ನಡ ಮಾತಿನ ನೇಕಾರ ಮನೆಗಳಿಗೆ ಈ ಶತ್ರು ಹೊಸದಲ್ಲ. ಹಾಸಿನ ನೂಲಿಗೆ ಗಂಜಿ ಹಾಕಿದ ರಾತ್ರಿ ಇಲಿಯ ಕಾಟ ಹೆಚ್ಚು. ಗಂಜಿಯ ವಾಸನೆಗೆ ಬಂದ ಇಲಿ ನೂಲನ್ನೇ ಕತ್ತರಿಸಿ ವಾರದ ದುಡಿಮೆಯನ್ನು ಕೆಡಿಸುತ್ತದೆ. ಅದಕ್ಕೆಂದೇ ಮಗ್ಗದ ಮನೆಯಲ್ಲಿ ಕಾಳುಕಡ್ಡಿ ಇಡದಿರುವುದು, ನೂಲನ್ನು ಗೋಡೆಯಿಂದ ದೂರ ಎತ್ತರದಲ್ಲಿ ತೂಗುಹಾಕುವುದು ಜಾಣತನವೆನಿಸಿತು. ಇಲಿಯನ್ನು ಹುಡುಕಿ ಕೊಲ್ಲುವುದಕ್ಕಿಂತ ಅದಕ್ಕೆ ಅನ್ನವೂ ಆಸರೆಯೂ ದೊರೆಯದಂತೆ ಮಾಡುವುದು ಮೇಲು ಎಂಬುದೇ ಇದರ ಸಾರ. ಕಾರಿಗೂ ಇದೇ ನ್ಯಾಯ ಸಲ್ಲುತ್ತದೆ.

ಕಾರಿನ ಅನ್ನವೆಂದರೆ ಹಿಂದಿನ ಸೀಟಿನಲ್ಲಿ ಮಕ್ಕಳು ಚೆಲ್ಲಿದ ಮುರುಕು, ಬಿಸ್ಕತ್ತಿನ ಪುಡಿ, ಊಟದ ಡಬ್ಬಿಯಿಂದ ಸುರಿದ ಅನ್ನ. ವಾರಕ್ಕೊಮ್ಮೆ ಸೀಟಿನ ಕೆಳಗೆ ಗುಡಿಸುವ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ಆಸರೆಯೆಂದರೆ ವಾಹನದ ಪಕ್ಕದಲ್ಲಿ ಪೇರಿಸಿದ ಸೌದೆ, ಹಳೆಯ ಟೈರು, ರಾಗಿ ಮತ್ತು ಕಡಲೆಕಾಯಿಯ ಮೂಟೆ, ದನದ ಮೇವು. ಕೊಯ್ಲು ಮುಗಿದು ಹೊಲ ಬರಿದಾದಾಗಲೂ, ಮಳೆಗೆ ಬಿಲಗಳು ತುಂಬಿದಾಗಲೂ ಹೊಲದ ಇಲಿಗಳು ಮನೆಗಳತ್ತ ಸರಿಯುತ್ತವೆ. ಆ ತಿಂಗಳುಗಳಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು.

ಬಹುದಿನ ಕದಲದೆ ನಿಂತ ವಾಹನವೇ ಇಲಿಗೆ ಹೆಚ್ಚು ಪ್ರಿಯ. ಎರಡು ಮೂರು ದಿನಗಳಿಗೊಮ್ಮೆಯಾದರೂ ಅದನ್ನು ಓಡಿಸಿ ಜಾಗ ಬದಲಿಸುವುದು ಒಳಿತು. ಕಾಂಪೌಂಡಿನೊಳಗೆ ರಾತ್ರಿ ಬಾನೆಟ್ ತೆರೆದಿಟ್ಟು ದೀಪ ಹಚ್ಚಿದರೆ ಕತ್ತಲೆಯ ಆಸರೆ ತಪ್ಪುತ್ತದೆ. ಸುಂಡಿಲಿ ಆರು ಮಿಲಿಮೀಟರ್ ಸಂದಿನಲ್ಲಿಯೂ ನುಸುಳಬಲ್ಲದು. ಆದಕಾರಣ ಗಾಳಿ ಒಳಹೋಗುವ ದ್ವಾರಗಳಿಗೆ ಅದಕ್ಕಿಂತ ಚಿಕ್ಕ ಕಣ್ಣಿನ ಉಕ್ಕಿನ ಜಾಲರಿಯನ್ನು ಮೆಕ್ಯಾನಿಕ್‌ನಿಂದಲೇ ಹಾಕಿಸಬೇಕು. ಫ್ಯಾನಿಗೂ ಬಿಸಿ ಹೊಗೆಕೊಳವೆಗೂ ಅದು ತಾಗಬಾರದು. ಮೆಣಸಿನಕಾಯಿಯ ಖಾರದ ಸತ್ವವನ್ನು ಲೇಪಿಸಿದ ಟೇಪನ್ನು ಅಮೆರಿಕದಲ್ಲಿ ಹೋಂಡಾ ಕಂಪನಿಯೇ ಮಾರುತ್ತದೆ. ಒಮ್ಮೆ ಕಡಿತಕ್ಕೆ ಗುರಿಯಾದ ತಂತಿಗೆ ಅಂಥ ಟೇಪನ್ನೋ ಗಟ್ಟಿ ಕೊಳವೆಯನ್ನೋ ಸುತ್ತಿಸಬಹುದು. ಸಿಂಪಡಿಸುವ ದ್ರವಗಳ ವಾಸನೆ ಎಂಜಿನ್ನಿನ ಬಿಸಿಗೆ ಬೇಗನೆ ಆರಿಹೋಗುವುದರಿಂದ ಅವನ್ನು ಮತ್ತೆ ಮತ್ತೆ ಹಾಕಬೇಕಾಗುತ್ತದೆ. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳ ವಿಷಯದಲ್ಲಿ 2001ರಲ್ಲಿಯೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅರುವತ್ತಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ ಎಚ್ಚರಿಕೆಯ ಪತ್ರ ಬರೆದು, ವೈಜ್ಞಾನಿಕ ಆಧಾರವಿಲ್ಲದೆ ಪ್ರಚಾರ ಮಾಡಬಾರದೆಂದು ತಿಳಿಸಿತ್ತು.

ಬೋನಿಡುವವರು ಒಂದು ಸಂಗತಿಯನ್ನು ನೆನಪಿಡಬೇಕು. ಇಲಿಗೆ ಹೊಸ ವಸ್ತುವೆಂದರೆ ಶಂಕೆ. ಬೋನನ್ನು ಗೋಡೆಯ ಅಂಚಿಗೆ ಇಟ್ಟು, ಒಂದೆರಡು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ವಡೆಯ ಚೂರನ್ನು ತಿನ್ನಲು ಬಿಡಬೇಕು. ಭಯ ಕಳೆದ ಮೇಲೆ ಬೋನನ್ನು ಸಜ್ಜುಗೊಳಿಸಿದರೆ ಫಲ ಸಿಗುತ್ತದೆ. ಇಲಿಯ ಹಿಕ್ಕೆಯನ್ನು ಬರಿಗೈಯಲ್ಲಿ ಮುಟ್ಟದೆ, ಒಣಗಿದ್ದಾಗ ಗುಡಿಸದೆ, ಕೈಚೀಲ ಹಾಕಿಕೊಂಡು ಬ್ಲೀಚಿಂಗ್ ನೀರಿನಿಂದ ನೆನೆಸಿ ಒರೆಸಬೇಕು. ಇಲಿಯ ಮೂತ್ರದಿಂದ ಇಲಿಜ್ವರ ಹರಡುತ್ತದೆ.

ಆದರೆ ವಿಷದ ಮಾತು ಬೇರೆ. ಇಲಿಗೆ ಹೆದರಿ ಮನೆ ಸುಟ್ಟ ಹಾಗೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹಳದಿ ರಂಜಕ ಬೆರೆತ ಇಲಿಪಾಷಾಣದ ಪೇಸ್ಟ್ ಹೊಟ್ಟೆಗೆ ಹೋದರೆ ಯಕೃತ್ತು ನಾಶವಾಗುತ್ತದೆ. ಅದಕ್ಕೆ ನೇರವಾದ ಮಾರುಮದ್ದಿಲ್ಲ. ಮೊದಲ ದಿನ ರೋಗಿ ಚೇತರಿಸಿಕೊಂಡಂತೆ ಕಂಡು, ಕೆಲವು ದಿನಗಳಲ್ಲಿ ಸ್ಥಿತಿ ಬಿಗಡಾಯಿಸುವುದೂ ಉಂಟು. ಮಕ್ಕಳಿರುವ ಮನೆಯಲ್ಲಿ ಇಂಥದ್ದು ಒಂದು ರಾತ್ರಿಯೂ ಇರಕೂಡದು. ಅಕಸ್ಮಾತ್ ಮಗು ಬಾಯಿಗಿಟ್ಟುಕೊಂಡರೆ ಮನೆಮದ್ದಿಗೆ ಕಾಯದೆ, ಡಬ್ಬಿಯ ಸಮೇತ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಧಾವಿಸಬೇಕು. ನುಸಿಗುಳಿಗೆಯನ್ನೂ ಕಾರಿನಲ್ಲಿ ಚೆಲ್ಲುವುದು ಸಲ್ಲದು. ಅದರ ಆವಿ ಏಸಿಯ ಗಾಳಿಯೊಡನೆ ಮಕ್ಕಳ ಉಸಿರಿಗೆ ಸೇರುತ್ತದೆ.

ಕಡಿತದ ಗುರುತುಗಳನ್ನು ಉದಾಸೀನ ಮಾಡಬಾರದು. ಡ್ಯಾಶ್‌ಬೋರ್ಡಿನಲ್ಲಿ ಕಾರಣವಿಲ್ಲದೆ ಎಚ್ಚರಿಕೆಯ ದೀಪ, ಏಸಿಯಲ್ಲಿ ದುರ್ವಾಸನೆ, ಬಾನೆಟ್ಟಿನೊಳಗೆ ಬಟ್ಟೆಯ ಚೂರು ಅಥವಾ ಹಿಕ್ಕೆ ಕಂಡರೆ ವಾಹನವನ್ನು ಮೆಕ್ಯಾನಿಕ್‌ಗೆ ತೋರಿಸಬೇಕು. ಇಲಿ ತಂತಿಯನ್ನಷ್ಟೇ ಅಲ್ಲ, ಪೆಟ್ರೋಲಿನ ರಬ್ಬರ್ ಕೊಳವೆಯನ್ನೂ ಕಡಿಯುತ್ತದೆ. ಪೆಟ್ರೋಲಿನ ವಾಸನೆ ಬಂದರೆ ಕೀಲಿ ತಿರುಗಿಸಲೇಬಾರದು. ಸಿಪ್ಪೆ ಸುಲಿದ ತಂತಿಯ ಒಂದು ಕಿಡಿ ಸಾಕು. ಬೇಸಗೆ ರಜೆಯಿಡೀ ನಿಂತ ಶಾಲಾ ವಾಹನಗಳಿಗೂ ಈ ಮಾತು ಅನ್ವಯಿಸುತ್ತದೆ. ಶಾಲಾ ಬಸ್ಸುಗಳಿಗೆಂದು ತಮಿಳುನಾಡು ಸರ್ಕಾರ 2012ರಲ್ಲಿ ವಿಶೇಷ ನಿಯಮಗಳನ್ನು ರೂಪಿಸಿದೆ, ಶಾಲೆ ಪುನರಾರಂಭಕ್ಕೆ ಮುನ್ನ ಅಧಿಕಾರಿಗಳ ತಪಾಸಣೆಯೂ ನಡೆಯುತ್ತದೆ. ಆದರೂ ವೈರಿಂಗ್ ಮತ್ತು ಇಂಧನದ ಕೊಳವೆಗಳನ್ನು ನೋಡಿಸಿದಿರಾ ಎಂದು ಪೋಷಕರು ಶಾಲೆಯನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ವಿಮೆಯ ಪ್ರಶ್ನೆ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮು ಕಡ್ಡಾಯಗೊಳಿಸಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದರಿಂದ ಸ್ವಂತ ಕಾರಿನ ನಷ್ಟಕ್ಕೆ ಒಂದು ಕಾಸೂ ದೊರೆಯದು. ಸಮಗ್ರ ವಿಮೆ ಇದ್ದವರಲ್ಲಿಯೂ ವಾದಕ್ಕೆ ಎಡೆಯಿದೆ. ಸಾಮಾನ್ಯ ಪಾಲಿಸಿಯ ಒಂದು ಷರತ್ತು ಹೊರಗಿನ ಆಕಸ್ಮಿಕ ಕಾರಣದಿಂದಾದ ಹಾನಿಯನ್ನು ಭರಿಸುತ್ತದೆ. ಇನ್ನೊಂದು ಷರತ್ತು ಸವೆತ, ಯಾಂತ್ರಿಕ ಅಥವಾ ವಿದ್ಯುತ್ ದೋಷ ಮತ್ತು ಪರಿಣಾಮಜನ್ಯ ನಷ್ಟವನ್ನು ಹೊರಗಿಡುತ್ತದೆ. ಇಲಿ ಹೊರಗಿನಿಂದ ಬಂದದ್ದು ಎಂಬುದು ಮಾಲೀಕನ ವಾದ. ಇದು ವಿದ್ಯುತ್ ದೋಷ ಎಂಬುದು ಕಂಪನಿಯ ಆಕ್ಷೇಪವಾಗಬಹುದು. ವಿಮಾ ಪತ್ರದ ಮಾತು ಅಸ್ಪಷ್ಟವಾಗಿದ್ದರೆ ಅದನ್ನು ಬರೆದ ಕಂಪನಿಗೆ ಪ್ರತಿಕೂಲವಾಗಿ ಅರ್ಥೈಸಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 1966ರಲ್ಲಿ ಚಂದೂಮಲ್ ಜೈನ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆದರೆ ನ್ಯಾಯಾಲಯ ಪಕ್ಷಗಳಿಗಾಗಿ ಹೊಸ ಕರಾರನ್ನು ಬರೆದುಕೊಡಲಾರದೆಂದೂ ಅದೇ ತೀರ್ಪು ಹೇಳಿದೆ.

ಹಣ ಬಂದರೂ ಪೂರ್ತಿ ಬರುವುದಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಶೇ. 50 ಸವಕಳಿ ಕಳೆಯುತ್ತಾರೆ. 1500 ಸಿಸಿ ವರೆಗಿನ ಕಾರಿಗೆ ಮೊದಲ 1000 ರೂಪಾಯಿ ಮಾಲೀಕನದೇ. ಒಮ್ಮೆ ಕ್ಲೇಮ್ ಮಾಡಿದರೆ ಶೇ. 50ರ ವರೆಗೆ ಬೆಳೆದಿದ್ದ ನೋ ಕ್ಲೇಮ್ ಬೋನಸ್ ಸೊನ್ನೆಗಿಳಿಯುತ್ತದೆ. ಸ್ವಂತ ಹಾನಿಯ ಕಂತು 8000 ರೂಪಾಯಿ ಎಂದಿಟ್ಟುಕೊಂಡರೆ, ಮುಂದಿನ ವರ್ಷ 4000 ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ. ಮೂರು ಸಾವಿರದ ದುರಸ್ತಿಗೆ ಕ್ಲೇಮ್ ಮಾಡುವುದು ಬೆಟ್ಟ ಅಗೆದು ಇಲಿ ಹಿಡಿದಂತೆ. ಮೂವತ್ತು ಸಾವಿರದ ದುರಸ್ತಿಗೆ ಮಾಡದಿರುವುದೂ ವಿವೇಕವಲ್ಲ.

ಕ್ಲೇಮ್ ಮಾಡುವುದಾದರೆ ತಂತಿ, ಹಿಕ್ಕೆ, ಗೂಡುಗಳ ಛಾಯಾಚಿತ್ರ ತೆಗೆದು, ಕೂಡಲೇ ಕಂಪನಿಗೆ ತಿಳಿಸಿ, ಅವರು ನೋಡುವ ಮುನ್ನ ದುರಸ್ತಿ ಮಾಡಿಸದಿರಬೇಕು. ಎಚ್ಚರಿಕೆಯ ದೀಪ ಉರಿದ ಮೇಲೂ ಓಡಿಸಿದರೆ ಹೆಚ್ಚಿದ ಹಾನಿಯನ್ನು ಕಂಪನಿ ನಿರಾಕರಿಸಬಹುದು. ನಿರಾಕರಣೆಯನ್ನು ಲಿಖಿತವಾಗಿಯೇ ಪಡೆಯತಕ್ಕದ್ದು. ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಅದು ತಿರಸ್ಕೃತವಾದರೆ ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಚೆನ್ನೈನ ವಿಮಾ ಓಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಉಚಿತವಾಗಿ ದೂರು ಸಲ್ಲಿಸಬಹುದು. ಸೇಲಂ ಮತ್ತು ಧರ್ಮಪುರಿಯ ಜಿಲ್ಲಾ ಗ್ರಾಹಕ ಆಯೋಗಗಳ ಬಾಗಿಲೂ ತೆರೆದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡು ವರ್ಷದೊಳಗೆ, ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಇಷ್ಟು ಚಿಕ್ಕ ಕಂತಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವುಂಟು.

ಜರ್ಮನಿಯಲ್ಲಿ ಇಲಿಯ ಬದಲು ಮಾರ್ಟೆನ್ ಎಂಬ, ಮುಂಗುಸಿಯನ್ನು ಹೋಲುವ ಪ್ರಾಣಿ ಕಾರಿನ ತಂತಿ ಕಡಿಯುತ್ತದೆ. ವರ್ಷಕ್ಕೆ ಸುಮಾರು ಎರಡು ಲಕ್ಷ ವಿಮಾ ಪ್ರಕರಣಗಳು ಇದರಿಂದಲೇ ಹುಟ್ಟುತ್ತವೆ. ಅಲ್ಲಿನ ಪಾಲಿಸಿಗಳಲ್ಲಿ ಮಾರ್ಟೆನ್ ಕಡಿತದ ಹೆಸರೇ ಬರೆದಿರುತ್ತದೆ. ಎಷ್ಟನ್ನು ಭರಿಸಲಾಗುವುದು ಎಂಬುದೂ ಅಲ್ಲಿಯೇ ಇರುತ್ತದೆ. ಆದುದರಿಂದ ವಾದ ಕಡಿಮೆ. ಇಲ್ಲಿಯ ಕುಟುಂಬಗಳೂ ಪಾಲಿಸಿ ನವೀಕರಿಸುವ ಮುನ್ನ, ಇಲಿ ಕಡಿತಕ್ಕೆ ಪರಿಹಾರ ಉಂಟೇ, ಸವಕಳಿ ಕಳೆಯದ ಹೆಚ್ಚುವರಿ ಷರತ್ತು ವೈರಿಂಗಿಗೆ ಅನ್ವಯಿಸುತ್ತದೆಯೇ ಎಂದು ಏಜೆಂಟರನ್ನು ಬಾಯಿಮಾತಿನಲ್ಲಿ ಕೇಳದೆ ಬರಹದಲ್ಲಿ ಕೇಳಬೇಕು. ಪಾಲಿಸಿಯ ಪತ್ರ ಇಂಗ್ಲಿಷಿನಲ್ಲಿ ಇರುತ್ತದೆಂದು ಅದನ್ನು ಬೀರುವಿನಲ್ಲಿ ಮಡಿಸಿಡುವುದು ಬೇಡ. ಪ್ರೌಢಶಾಲೆಯ ಮಗನೋ ಮಗಳೋ ಓದಿ ಕನ್ನಡದಲ್ಲಿ ಅರ್ಥ ಹೇಳಲಿ. ಹೊರಗಿಡುವ ಷರತ್ತುಗಳ ಆ ಒಂದು ಪುಟವನ್ನು ಮನೆಮಂದಿ ಕೂತು ಕೇಳಲು ಅರ್ಧ ಗಂಟೆ ಸಾಕು. ಅದೇ ಸಂಜೆ ಕಾರಿನ ಪಕ್ಕದ ಮೂಟೆಯನ್ನೂ ಸೌದೆಯನ್ನೂ ಸರಿಸಿದರೆ, ಆ ಪುಟವನ್ನು ಮತ್ತೆ ತೆರೆಯುವ ಪ್ರಸಂಗ ಬಾರದಿರಲೂಬಹುದು.