ಬೆಳಕನ್ನು ಸೋಸುವ ಗಾಜು

ಫಿಲ್ಟರ್ ಎಂಬ ಮಾತು ಈಗ ನಮ್ಮ ವಿದ್ಯಾರ್ಥಿಗಳ ನಾಲಗೆಯ ಮೇಲೆ ಸದಾ ನಲಿಯುತ್ತಿದೆ. ಮೊಬೈಲಿನಲ್ಲಿ ತೆಗೆದ ಮುಖಕ್ಕೆ ಬಿಳುಪು ಬಳಿಯುವ, ಆಕಾಶಕ್ಕೆ ಇಲ್ಲದ ನೀಲಿಯನ್ನು ಹಚ್ಚುವ ಕ್ರಿಯೆಗೆ ಅವರು ಆ ಹೆಸರನ್ನಿಟ್ಟಿದ್ದಾರೆ. ಪದಾರ್ಥವನ್ನು ವಿಚಾರಿಸಿದರೆ ಇದು ವಿಪರೀತಾರ್ಥವೇ ಸರಿ. ಸೋಸುವುದೆಂದರೆ ಬೇಡದ್ದನ್ನು ತಡೆಯುವುದೇ ಹೊರತು ಇಲ್ಲದ್ದನ್ನು ಸೇರಿಸುವುದಲ್ಲ. ಛಾಯಾಗ್ರಾಹಕರು ಮಸೂರದೊಳಕ್ಕೆ ಜಾರಿಸಿ ಕೂಡಿಸುವ ಗಾಜಿಗೇ ಆ ಹೆಸರು ಒಪ್ಪುತ್ತದೆ.

ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಗಾಜಿನ ಗೊಡವೆಯೇಕೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಿದ್ದಬಹುದಲ್ಲ ಎಂಬ ವಾದವುಂಟು. ಅದರಲ್ಲಿ ಅರ್ಧ ಸತ್ಯವಿದೆ. ಫಿಲ್ಮಿನ ಕಾಲದಲ್ಲಿ ದೀಪದ ಬೆಳಕಿನ ಹಳದಿಯನ್ನು ಕಳೆಯಲು ನೀಲಿ ಗಾಜು ಬೇಕಾಗುತ್ತಿತ್ತು. ಈಗ ಕ್ಯಾಮೆರಾವೇ ವರ್ಣವನ್ನು ಸರಿದೂಗಿಸಿಕೊಳ್ಳುತ್ತದೆ. ಆದರೆ ಹೊಳಪಿನ ವಿಷಯ ಬೇರೆ. ಸಂವೇದಕದ ಮಿತಿಯನ್ನು ಮೀರಿ ಬೆಳಕು ಬಿದ್ದೆಡೆ ಬರಿಯ ಬಿಳುಪು ಉಳಿಯುತ್ತದೆ. ಅದರಡಿಯ ರೇಖೆ ದಾಖಲಾಗುವುದೇ ಇಲ್ಲ. ಗೆದ್ದಲು ತಿಂದ ಓಲೆಯಲ್ಲಿ ಲುಪ್ತವಾದ ಅಕ್ಷರವನ್ನು ಸಂಪಾದಕನು ಊಹಿಸಿ ತುಂಬಿದರೆ ಅದು ಕಲ್ಪಿತ ಪಾಠ, ಕವಿಯ ಪಾಠವಲ್ಲ. ಕಂಪ್ಯೂಟರು ತುಂಬಿಕೊಡುವ ರೇಖೆಯೂ ಅಂಥದೇ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯನ್ನು ತೆಗೆದುಕೊಳ್ಳೋಣ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿತವಾದ ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ನೀರಿನಲ್ಲಿ ನಿಂತ ಜಾಲಿಮರಗಳ ಹಕ್ಕಿಗಳನ್ನು ದೂರದಿಂದ ಹಿಡಿಯಲು ದೊಡ್ಡ ಮಸೂರ ಬೇಕು. 600 ಮಿ.ಮೀ. ಎಫ್/4 ಮಸೂರದ ಬಾಯಿ 150 ಮಿ.ಮೀ. ಅಗಲವಿರುತ್ತದೆ. ಅಷ್ಟು ದೊಡ್ಡ ಫಿಲ್ಟರನ್ನು ಮುಂದೆ ಕೂಡಿಸುವುದು ಕಷ್ಟ, ದುಬಾರಿ. ಆದ್ದರಿಂದ ಬೆಳಕಿನ ದಾರಿ ಕಿರಿದಾಗುವ ಹಿಂಭಾಗದಲ್ಲಿ ಒಂದು ಖಾನೆಯನ್ನಿಟ್ಟು, 40.5 ಅಥವಾ 52 ಮಿ.ಮೀ. ಗಾಜನ್ನು ಅಲ್ಲಿ ಇಳಿಬಿಡುವಂತೆ ತಯಾರಕರು ಏರ್ಪಡಿಸಿದ್ದಾರೆ. ಪೋಲರೈಸರ್ ಎಂಬ ಗಾಜನ್ನಿಟ್ಟು ಹೊರಗಿನ ಪುಟ್ಟ ಚಕ್ರವನ್ನು ತಿರುಗಿಸಿದರೆ ನೀರಿನ ಥಳಥಳ ಇಳಿದು ಒಳಗಿನದು ಕಾಣುತ್ತದೆ. ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ ಕೋನದಲ್ಲಿ ನೋಡಿದಾಗ ಫಲ ಅತ್ಯಧಿಕ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಒಳಬರುವ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಹಾರುವ ಹಕ್ಕಿಗೆ ಇದು ಸಲ್ಲದು. ಆಗ ಪೋಲರೈಸರನ್ನು ತೆಗೆದು ಬಣ್ಣವಿಲ್ಲದ ಗಾಜನ್ನಿಡಬೇಕು. ಖಾನೆಯನ್ನು ಬರಿದಾಗಿ ಬಿಡಲಾಗದು, ಏಕೆಂದರೆ ಆ ಗಾಜು ಮಸೂರದ ಲೆಕ್ಕದಲ್ಲಿಯೇ ಸೇರಿದೆ.

ಹಕ್ಕಿಗಳ ಮಾತು ಹಾಗಿರಲಿ; ನನ್ನ ಕಳವಳವೆಲ್ಲ ಕಲ್ಲುಗಳದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ನುಣುಪಾದ ಕಂಬಗಳನ್ನು ಓರೆಯಿಂದ ನೋಡುವಾಗ ಕಣ್ಣು ಕುಕ್ಕುವ ಹೊಳಪನ್ನು ಈ ಗಾಜು ಬಹುಮಟ್ಟಿಗೆ ತಡೆಯಬಲ್ಲದು. ಆದರೆ ಸವೆದ ಶಾಸನಾಕ್ಷರಗಳಿಗೆ ಗಾಜಿಗಿಂತ ಮುಂಜಾನೆಯ ಓರೆಬಿಸಿಲೇ ಮೇಲು. ಇನ್ನು ಹಡಗಲಿ ತಾಲ್ಲೂಕಿನ ಹಿರೇಹಡಗಲಿಯೋ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನದಿಂದ ವಿದ್ವಲ್ಲೋಕದಲ್ಲಿ ಪ್ರಸಿದ್ಧವಾದ ಊರು. ಅಂಥ ತಾಮ್ರಪಟದ ಮುಂದೆ ಪೋಲರೈಸರ್ ಒಂದೇ ಸಾಲದು. ಲೋಹದ ಹೊಳಪು ಕಲ್ಲುನೀರುಗಳ ಹೊಳಪಿನಂತೆ ಅದಕ್ಕೆ ವಶವಾಗದು; ದೀಪದ ಬೆಳಕನ್ನೇ ಮೊದಲು ಸೋಸಿ ಬೀಳಿಸಬೇಕಾಗುತ್ತದೆ. ಹೀಗೆ ಉಪಾಯವು ವಸ್ತುವನ್ನು ಅನುಸರಿಸಬೇಕಾಗುತ್ತದೆ. ಮೇಲರ್ಧ ಮಬ್ಬು, ಕೆಳಗೆ ತಿಳಿಯಾದ ಚೌಕ ಗಾಜು ತುಂಗಭದ್ರೆಯ ಹಿನ್ನೀರಿನ ಸಮರೇಖೆಗೆ ಹೊಂದುತ್ತದೆ. ಕೊಟ್ಟೂರೇಶ್ವರನ ತೇರಿಗೆ ಹಿಡಿದರೆ ಕಳಸವೇ ಕಪ್ಪಾದೀತು.

ದಾನಿಗಳು ನಮ್ಮ ಶಾಲೆಗಳಿಗೆ ಕಂಪ್ಯೂಟರುಗಳನ್ನು ಉದಾರವಾಗಿ ಕೊಡುತ್ತಿದ್ದಾರೆ. ಅದರ ಜೊತೆಗೆ ಒಂದು ಕ್ಯಾಮೆರಾ, ಒಂದು ಪೋಲರೈಸರ್ ದೊರೆತರೆ ಸಾಕು, ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಮಳೆಬಿಸಿಲಿಗೆ ಸವೆಯುತ್ತಿರುವ ವೀರಗಲ್ಲುಗಳನ್ನು ನಮ್ಮ ಮಕ್ಕಳೇ ದಾಖಲಿಸಿಯಾರು. ಉಪಾಧ್ಯಾಯ ಮಿತ್ರರು ಅವರನ್ನು ಮೊದಲು ಬಾಗಳಿಗೆ ಕರೆದೊಯ್ಯಲಿ. ಒಂದೇ ಕಂಬವನ್ನು ಗಾಜಿಲ್ಲದೆ ಒಮ್ಮೆ, ಗಾಜಿಟ್ಟು ಒಮ್ಮೆ ತೆಗೆಯಲಿ. ಆ ಎರಡು ಚಿತ್ರಗಳೂ ಮುಂದಿನ ಸಂಚಿಕೆಯಲ್ಲಿ ಅಕ್ಕಪಕ್ಕ ಅಚ್ಚಾಗಲಿ. ತೆಗೆದ ದಿನ, ಹೊತ್ತು, ಬಳಸಿದ ಗಾಜು ಇವುಗಳ ಉಲ್ಲೇಖ ಕೆಳಗಿರಲಿ.