ನಮ್ಮ ಓಟು ಊರಲ್ಲಿದೆಯಂತೆ!

ಮೊನ್ನೆ ಮಗಳು ರಾಜ್ಯಶಾಸ್ತ್ರದ ಪುಸ್ತಕ ಹಿಡಿದು ಬಂದಳು. ಮರಾಠಿ ಪದಗಳನ್ನೆಲ್ಲ ಕನ್ನಡದಲ್ಲಿ ಕೇಳುವುದು ಅವಳ ಹೊಸ ಹುಚ್ಚು. “ಅಪ್ಪಾ, ಆಮದಾರ್ ಅಂದ್ರೆ?” ಶಾಸಕ ಅಂದೆ. “ಖಾಸದಾರ್?” ಸಂಸದ. “ನಗರಸೇವಕ್?” ತಡವರಿಸಿದೆ. ಪಾಲಿಕೆ ಸದಸ್ಯ ಅನ್ನಬಹುದು, ಆದರೆ ಅದರಲ್ಲಿ ‘ಸೇವಕ’ ಇಲ್ಲವಲ್ಲ! ಅಷ್ಟರಲ್ಲಿ ಇನ್ನೊಂದು ಪ್ರಶ್ನೆ: “ನಮ್ಮ ನಗರಸೇವಕ್ ಯಾರು?”

ಗೊತ್ತಿರಲಿಲ್ಲ. ಮುಲುಂಡಿಗೆ ಬಂದು 31 ವರ್ಷವಾಯಿತು.

“ನಮ್ಮ ಓಟು ಊರಲ್ಲಿದೆ ಮಗಾ” ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ಮುಂಬಯಿಯ ನಮ್ಮವರ ಯಾವ ಕಾರ್ಯಕ್ರಮಕ್ಕೆ ಬೇಕಾದರೂ ಹೋಗಿ, ಈ ಮಾತನ್ನು ಹೆಮ್ಮೆಯಿಂದ ಹೇಳುವವರು ಸಿಗುತ್ತಾರೆ. ನಲ್ಲಿಯಲ್ಲಿ ನೀರು ಬರದಿದ್ದರೆ ಬೈಗುಳ ಇಲ್ಲಿಯ ಪಾಲಿಕೆಗೆ, ಓಟು ಮಾತ್ರ ಕುಂದಾಪುರಕ್ಕೆ!

ಮಗಳಿಗಿಂತ ಮೊದಲು ನಾವು ಕಲಿಯಬೇಕಾದ ಪದ ‘ಸಾಮಾನ್ಯ ನಿವಾಸಿ’. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಮತದಾರನಾಗುವವನು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರಬೇಕು. ಅಲ್ಲೊಂದು ಮನೆ ಇದೆ ಅನ್ನುವುದೊಂದೇ ಕಾರಣ ಸಾಲದು. ಎರಡು ಕಡೆ ಹೆಸರು ಇಟ್ಟುಕೊಳ್ಳುವಂತೆಯೂ ಇಲ್ಲ. ತಾತ್ಕಾಲಿಕವಾಗಿ ಊರು ಬಿಟ್ಟವನ ಹೆಸರು ಹೋಗುವುದಿಲ್ಲ ಎಂದು ಗೆಳೆಯರೊಬ್ಬರು ವಾದಿಸಿದರು. ಸರಿಯೇ. ಆದರೆ ಇಲ್ಲೇ ಸಾಲ ಮಾಡಿ ಮನೆ ಕೊಂಡು, ಸಾಲ ತೀರಿಸಿ, ಮಕ್ಕಳನ್ನು ಓದಿಸುತ್ತಿರುವ 31 ವರ್ಷ ತಾತ್ಕಾಲಿಕವೇ ಸ್ವಾಮಿ?

2022ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಮಿಕ್ಕಿ 227 ವಾರ್ಡುಗಳಿಗೆ ಪ್ರತಿನಿಧಿಯೇ ಇಲ್ಲ, ಸರಕಾರ ಕೂರಿಸಿದ ‘ಪ್ರಶಾಸಕ’ರದ್ದೇ ಆಡಳಿತ. ಪ್ರತಿನಿಧಿಗೂ ಪ್ರಶಾಸಕನಿಗೂ ಏನು ವ್ಯತ್ಯಾಸ ಎಂದು ನಮ್ಮಲ್ಲಿ ಯಾರು ಕೇಳಿದರು? ಕೊನೆಗೂ 2026ರ ಜನವರಿ 15ಕ್ಕೆ ಚುನಾವಣೆ ಬಂತು. ಮತಗಟ್ಟೆ ಪಕ್ಕದ ಶಾಲೆಯಲ್ಲೇ ಇತ್ತು. ನಾನು ಆ ಸಾಲನ್ನು ದಾಟಿಕೊಂಡು ಹೋಗಿ ಹಾಲು ತಂದೆ!

ವಾಸ ಬದಲಾಯಿಸಿದವರಿಗೆ ಇರುವುದು ನಮೂನೆ 8. ಕಳೆದ ವಾರ ತುಂಬಿಸಿದೆ. ಊರಿನಿಂದ ಅಣ್ಣ ಫೋನು ಮಾಡಿ, “ಊರು ಬೇಡ್ವಾ ನಿಂಗೆ?” ಅಂತ ರೇಗಿದರು. ಬೇಕು. ಗದ್ದೆ ಬೇಕು, ನಾಗಬನ ಬೇಕು, ಪತ್ರೊಡೆಯೂ ಬೇಕು. ಆದರೆ ಅಲ್ಲಿಯ ಪಂಚಾಯತಿ ಸದಸ್ಯ ಯಾರಾಗಬೇಕು ಅನ್ನುವುದನ್ನು ಅಲ್ಲಿಯ ರಸ್ತೆಯಲ್ಲಿ ದಿನಾ ಓಡಾಡುವವರು ಹೇಳಲಿ. ವರ್ಷಕ್ಕೆ ಹತ್ತು ದಿನ ಬರುವ ನಾನಲ್ಲ.

ಮಗಳಿಗೆ ಹದಿನೆಂಟಾಗಲು ಇನ್ನು ಮೂರು ವರ್ಷ. ಅವಳದು ನಮೂನೆ 6.